ಬೆಳೆದವಳಿಗೆ ಸಾಲ, ಬೆಳೆಯದವನಿಗೆ ಸಬ್ಸಿಡಿ: ಫ್ಯಾನಿ ಲೂ ಹ್ಯಾಮರ್ ಬದುಕು ಹೇಳುವ ಲೆಕ್ಕ

ರೈತರ ಸಬ್ಸಿಡಿ ಅಂತ ಮಾತು ಬಂದ್ರೆ ಸಾಕು, ನಮ್ಮಲ್ಲಿ ಎರಡು ಬಣ ಆಗಿಬಿಡುತ್ತೆ. ಕೊಡಲೇಬೇಕು ಅನ್ನೋರು ಒಂದು ಕಡೆ, ಬೊಕ್ಕಸ ಬರಿದಾಗುತ್ತೆ ಅನ್ನೋರು ಇನ್ನೊಂದು ಕಡೆ. ಈ ಜಗಳದಲ್ಲಿ ಒಂದು ಸರಳ ಪ್ರಶ್ನೆ ಯಾರ ಕಿವಿಗೂ ಬೀಳಲ್ಲ. ರೈತರ ಹೆಸರಲ್ಲಿ ಹೊರಟ ದುಡ್ಡು ಕೊನೆಗೆ ಯಾರ ಕೈ ಸೇರುತ್ತೆ? ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿಯೋರಿಗಾ, ಹೊಲದ ಕಾಗದ ಪೆಟ್ಟಿಗೆಯಲ್ಲಿ ಇಟ್ಕೊಂಡೋರಿಗಾ?

ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗೋದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸನ್‌ಫ್ಲವರ್ ಕೌಂಟಿ. ಕೌಂಟಿ ಅಂದ್ರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಥರದ ಆಡಳಿತ ಘಟಕ. ಹೆಸರು ಸೂರ್ಯಕಾಂತಿಯದ್ದು, ಬೆಳೆ ಮಾತ್ರ ಹತ್ತಿ. ನದಿ ಹೂಳು ತಂದು ಹಾಸಿದ ಕಪ್ಪು ಮಣ್ಣಿನ ಆ ಬಯಲನ್ನು ಅಲ್ಲಿಯವರು ಡೆಲ್ಟಾ ಅಂತಾರೆ. 1960ರ ದಶಕದಲ್ಲಿ ಈ ಒಂದೇ ಕೌಂಟಿಯಲ್ಲಿ, ಕೆಲವೇ ಮೈಲಿ ಅಂತರದಲ್ಲಿ, ದೇಶಕ್ಕೆಲ್ಲ ಗೊತ್ತಿದ್ದ ಇಬ್ಬರು ಇದ್ದರು. ಡಾಡ್ಸ್‌ವಿಲ್ ಬಳಿ 5,000 ಎಕರೆಗೂ ಹೆಚ್ಚು ಜಮೀನಿದ್ದ ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್ ಒಬ್ಬರು. ರೂಲ್‌ವಿಲ್‌ನಲ್ಲಿದ್ದ, ಒಂದು ಗುಂಟೆಯೂ ಸ್ವಂತದ್ದಲ್ಲದ ಹತ್ತಿ ಕೂಲಿ ಫ್ಯಾನಿ ಲೂ ಹ್ಯಾಮರ್ ಇನ್ನೊಬ್ಬರು.

ಹ್ಯಾಮರ್ ಅವರನ್ನು ಜಗತ್ತು ನೆನೆಯೋದು ಮತದಾನದ ಹಕ್ಕಿಗಾಗಿ ಹೋರಾಡಿದ ಕಪ್ಪು ಮಹಿಳೆ ಅಂತ. ಅದು ನಿಜ. ಆದ್ರೆ ಅವರ ಬದುಕನ್ನು ನಾನು ಬೇರೆ ಕಡೆಯಿಂದಲೂ ಓದ್ತೀನಿ. ಸರ್ಕಾರದ ಕೃಷಿ ದುಡ್ಡು ಒಂದು ಊರಲ್ಲಿ ಹೇಗೆ ಹರಿಯುತ್ತೆ, ಯಾರ ಗದ್ದೆ ತುಂಬಿಸುತ್ತೆ, ಯಾರನ್ನು ಕೊಚ್ಕೊಂಡು ಹೋಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ.

ಲೆಕ್ಕ ಬರೆಯೋನೇ ಮಾಲೀಕ

ಫ್ಯಾನಿ ಲೂ ಹುಟ್ಟಿದ್ದು 1917ರ ಅಕ್ಟೋಬರ್ 6ರಂದು, ಇಪ್ಪತ್ತು ಮಕ್ಕಳಲ್ಲಿ ಕೊನೆಯವಳಾಗಿ. ಎರಡು ವರ್ಷದ ಕೂಸಾಗಿದ್ದಾಗ ಕುಟುಂಬ ಸನ್‌ಫ್ಲವರ್ ಕೌಂಟಿಗೆ ಬಂತು. ಆರನೇ ವಯಸ್ಸಿಗೆ ಹತ್ತಿ ಬಿಡಿಸೋಕೆ ಇಳಿದಳು. ತೋಟದ ಮಾಲೀಕ ಅಂಗಡಿಯ ತಿಂಡಿ ತೋರಿಸಿ ಆಸೆ ಹುಟ್ಟಿಸಿ ಕೆಲಸಕ್ಕೆ ಹಚ್ಚಿದ್ದು ಅನ್ನೋದನ್ನ ಅವರು ಮುಂದೆ ನೆನೆಸಿಕೊಳ್ತಿದ್ದರು. ಶಾಲೆ ಕಂಡಿದ್ದು ಐದಾರು ವರ್ಷ, ಅದೂ ಹತ್ತಿ ಕೆಲಸ ಇಲ್ಲದ ಕೆಲವು ತಿಂಗಳು ಮಾತ್ರ. ಪೋಲಿಯೋದಿಂದ ಕಾಲು ಕುಂಟುತ್ತಿತ್ತು.

ಅವರ ಮನೆಯವರು ಮಾಡ್ತಿದ್ದದ್ದು ಪಾಲು ಬೇಸಾಯ, ನಮ್ಮ ಕಡೆ ಕೋರು ಅಂತೀವಲ್ಲ, ಅದೇ. ಜಮೀನು ಮಾಲೀಕನದ್ದು, ಮೈ ಬೆವರು ಇವರದ್ದು, ಫಸಲಲ್ಲಿ ಅರ್ಧರ್ಧ. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಬೀಜ, ಗೊಬ್ಬರ, ಹಿಟ್ಟು, ಬಟ್ಟೆ ಎಲ್ಲ ಮಾಲೀಕನ ಅಂಗಡಿಯಿಂದಲೇ ಸಾಲದ ಮೇಲೆ ಬರ್ತಿತ್ತು. ವರ್ಷದ ಕೊನೆಗೆ ಲೆಕ್ಕ ತೀರಿಸೋ ದಿನ ಪುಸ್ತಕ ಇರೋದು ಮಾಲೀಕನ ಕೈಯಲ್ಲಿ. ಇವರ ಪಾಲಿಗೆ ಬಂದ ಅರ್ಧವೂ ಸಾಲಕ್ಕೆ ಜಮೆ, ಮೇಲೆ ಇಷ್ಟು ಬಾಕಿ. ಒಮ್ಮೆ ಅಪ್ಪ ಹೇಗೋ ಕಾಸು ಕೂಡಿಟ್ಟು ಹೇಸರಗತ್ತೆ, ನೇಗಿಲು ಕೊಂಡು ಸ್ವಂತವಾಗಿ ಜಮೀನು ಗುತ್ತಿಗೆ ಹಿಡಿದರು. ಇನ್ನೇನು ತಲೆ ಎತ್ತಬೇಕು ಅನ್ನುವಾಗ ಯಾರೋ ಆ ಪ್ರಾಣಿಗಳ ಮೇವಿಗೆ ವಿಷ ಬೆರೆಸಿದರು. ಕುಟುಂಬ ಮತ್ತೆ ಪಾಲಿಗೆ ಬಿತ್ತು.

ಬೆಳೆದು ದೊಡ್ಡವರಾದ ಮೇಲೆ ಪೆರಿ ಹ್ಯಾಮರ್ ಅವರನ್ನು ಮದುವೆಯಾಗಿ ರೂಲ್‌ವಿಲ್ ಹತ್ತಿರದ ತೋಟವೊಂದರಲ್ಲಿ ಹದಿನೆಂಟು ವರ್ಷ ದುಡಿದರು. ಓದು ಬರಹ ಗೊತ್ತಿದ್ದಕ್ಕೆ ಕೂಲಿಗಳ ಹಾಜರಿ ಮತ್ತು ತೂಕದ ಲೆಕ್ಕ ಬರೆಯೋ ಕೆಲಸ ಸಿಕ್ಕಿತು. ತಕ್ಕಡಿಯ ಬಟ್ಟು ಮಾಲೀಕನ ಪರ ಸುಳ್ಳು ಹೇಳುತ್ತೆ ಅನ್ನೋದು ಅವರಿಗೆ ಗೊತ್ತಾಯಿತು. ಮಾಲೀಕ ಮರೆಯಾದ ತಕ್ಷಣ ಸರಿಯಾದ ಬಟ್ಟು ಹಾಕಿ ತೂಗ್ತಿದ್ದರು. ಅವರ ರಾಜಕೀಯ ಶುರುವಾಗಿದ್ದು ಅಲ್ಲಿಂದ ಅಂತ ನಾನು ಹೇಳ್ತೀನಿ. ಲೆಕ್ಕ ಯಾರ ಕೈಯಲ್ಲಿದೆ ಅನ್ನೋದೇ ಎಲ್ಲದರ ಬೇರು ಅಂತ ಅವರಿಗೆ ತಕ್ಕಡಿಯೇ ಕಲಿಸಿತ್ತು.

ದಿಲ್ಲಿಯಂಥ ವಾಷಿಂಗ್ಟನ್, ಊರಿನ ಯಜಮಾನ

ಈಗ ಸ್ವಲ್ಪ ಹಿಂದಕ್ಕೆ, ಸಬ್ಸಿಡಿ ಹುಟ್ಟಿದ ಕಾಲಕ್ಕೆ ಹೋಗಬೇಕು. 1933ರಲ್ಲಿ ಮಹಾ ಆರ್ಥಿಕ ಕುಸಿತದ ನಡುವೆ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ಕೃಷಿ ಹೊಂದಾಣಿಕೆ ಕಾಯ್ದೆ ತಂತು. ಹತ್ತಿ ಬೆಲೆ ನೆಲಕಚ್ಚಿತ್ತು. ಮಾರುಕಟ್ಟೆಗೆ ಹತ್ತಿ ಕಮ್ಮಿ ಬಂದ್ರೆ ಬೆಲೆ ಏರುತ್ತೆ, ಹಾಗಾಗಿ ಬೆಳೆಯದೇ ಬಿಟ್ಟ ಭೂಮಿಗೆ ಸರ್ಕಾರ ದುಡ್ಡು ಕೊಡುತ್ತೆ ಅನ್ನೋದು ಯೋಜನೆ. ಆ ವರ್ಷ ಆಗಲೇ ಬಿತ್ತಿದ್ದ ಸುಮಾರು 1 ಕೋಟಿ ಎಕರೆ ಹತ್ತಿಯನ್ನು ಉತ್ತು ಮಣ್ಣಿಗೆ ಸೇರಿಸಲಾಯಿತು.

ಒಪ್ಪಂದಕ್ಕೆ ಸಹಿ ಹಾಕ್ತಿದ್ದವನು ಭೂಮಾಲೀಕ, ದುಡ್ಡಿನ ಹಿಡಿತವೂ ಅವನ ಕೈಯಲ್ಲೇ. ಅದರಲ್ಲಿ ಪಾಲಿಗೆ ಬೇಸಾಯ ಮಾಡೋರಿಗೆ ಒಂದು ಭಾಗ ಕೊಡಬೇಕು ಅಂತ ನಿಯಮ ಇತ್ತು. ಕೆಲವರು ಕೊಡಲಿಲ್ಲ. ಕೆಲವರು ಹಳೇ ಸಾಲಕ್ಕೆ ಮುರಿದುಕೊಂಡರು. ಮತ್ತೆ ಕೆಲವರು ಬೆಳೆಯೇ ಕಮ್ಮಿ, ಇನ್ನು ಆಳು ಯಾಕೆ ಅಂತ ಪಾಲುದಾರರನ್ನೇ ಹೊರಹಾಕಿದರು. ಇದನ್ನು ವಿರೋಧಿಸಿ 1934ರಲ್ಲಿ ಪಕ್ಕದ ಅರ್ಕಾನ್ಸಾ ರಾಜ್ಯದಲ್ಲಿ ಕಪ್ಪು–ಬಿಳಿ ಗೇಣಿದಾರರು ಒಟ್ಟಾಗಿ ದಕ್ಷಿಣದ ಗೇಣಿದಾರರ ಸಂಘ ಕಟ್ಟಿದರು. ಗೇಣಿದಾರರ ಪರವಾಗಿ ನಿಯಮವನ್ನು ಬಿಗಿ ಮಾಡಲು ಹೊರಟ ಸರ್ಕಾರಿ ವಕೀಲರನ್ನು 1935ರಲ್ಲಿ ಕೃಷಿ ಇಲಾಖೆಯಿಂದಲೇ ಕಿತ್ತುಹಾಕಲಾಯಿತು. ಆ ಯೋಜನೆಯ ಹಣಕಾಸು ನೋಡಿಕೊಂಡ ಆಸ್ಕರ್ ಜಾನ್‌ಸ್ಟನ್ ಯಾರು ಗೊತ್ತಾ? ಡೆಲ್ಟಾದ ಬೃಹತ್ ಹತ್ತಿ ತೋಟದ ಕಂಪನಿಯೊಂದರ ಮುಖ್ಯಸ್ಥ.

ಸಬ್ಸಿಡಿ ದುಡ್ಡಲ್ಲಿ ಭೂಮಾಲೀಕರು ಟ್ರ್ಯಾಕ್ಟರ್ ಕೊಂಡರು. 1944ರಲ್ಲಿ ಡೆಲ್ಟಾದ ಕ್ಲಾರ್ಕ್ಸ್‌ಡೇಲ್ ಬಳಿ ಹತ್ತಿ ಬಿಡಿಸೋ ಯಂತ್ರದ ದೊಡ್ಡ ಪ್ರದರ್ಶನ ನಡೆಯಿತು. ಆಮೇಲೆ ಕಳೆನಾಶಕ ಬಂತು. ತಲೆಮಾರುಗಟ್ಟಲೆ ಯಾರ ಬೆನ್ನಿನ ಮೇಲೆ ಹತ್ತಿ ಸಾಮ್ರಾಜ್ಯ ನಿಂತಿತ್ತೋ ಅವರು ಇದ್ದಕ್ಕಿದ್ದಂತೆ ಬೇಡವಾದರು. ಅವರನ್ನು ಬೇಡವಾಗಿಸೋ ಖರ್ಚಿನ ಒಂದು ಭಾಗವನ್ನು ಭರಿಸಿದ್ದು ಸರ್ಕಾರವೇ. ನನಗೆ ಕೋಪ ಬರೋದು ಇಲ್ಲೇ.

ಒಂದು ಅರ್ಜಿ, ಒಂದು ರಾತ್ರಿ

1961ರಲ್ಲಿ ಸಣ್ಣ ಗೆಡ್ಡೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದ ಹ್ಯಾಮರ್ ಅವರ ಗರ್ಭಕೋಶವನ್ನೇ, ಕೇಳದೆ ಹೇಳದೆ, ತೆಗೆದುಹಾಕಲಾಯಿತು. ಬಡ ಕಪ್ಪು ಹೆಂಗಸರಿಗೆ ಆ ಕಾಲದಲ್ಲಿ ಇದು ಅಪರೂಪದ ಸಂಗತಿಯಾಗಿರಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ರೂಲ್‌ವಿಲ್‌ನ ಚರ್ಚೊಂದಕ್ಕೆ ವಿದ್ಯಾರ್ಥಿ ಸಂಘಟನೆಯ ಹುಡುಗರು ಬಂದು, ಕಪ್ಪು ಜನರಿಗೂ ವೋಟು ಹಾಕೋ ಹಕ್ಕಿದೆ ಅಂತ ಹೇಳಿದರು. ಅವರಿಗೆ ಆಗ 44 ವರ್ಷ. ಕೌಂಟಿಯಲ್ಲಿ ಮೂರರಲ್ಲಿ ಎರಡು ಪಾಲು ಕಪ್ಪು ಜನ. ಅವರ ವಯಸ್ಕರಲ್ಲಿ ಮತಪಟ್ಟಿಯಲ್ಲಿದ್ದವರು ನೂರಕ್ಕೆ ಇಬ್ಬರೂ ಇರಲಿಲ್ಲ.

1962ರ ಆಗಸ್ಟ್ 31ರಂದು ಹದಿನೆಂಟು ಜನ ಹಳೇ ಬಸ್ಸೊಂದರಲ್ಲಿ ಕೌಂಟಿ ಕೇಂದ್ರ ಇಂಡಿಯನೋಲಾಗೆ ಹೋದರು. ರಾಜ್ಯ ಸಂವಿಧಾನದ ಕಗ್ಗಂಟಿನ ಕಲಮನ್ನು ವ್ಯಾಖ್ಯಾನಿಸುವ ಪರೀಕ್ಷೆ ಕೊಟ್ಟು ಎಲ್ಲರನ್ನೂ ವಾಪಸ್ ಕಳಿಸಿದರು. ದಾರಿಯಲ್ಲಿ ಪೊಲೀಸರು ಬಸ್ ತಡೆದು, ಬಣ್ಣ ಅತಿ ಹಳದಿ ಅನ್ನೋ ನೆಪಕ್ಕೆ ದಂಡ ಹಾಕಿದರು. ಹೆದರಿ ಕೂತಿದ್ದವರ ನಡುವೆ ಹ್ಯಾಮರ್ ಹಾಡೋಕೆ ಶುರು ಮಾಡಿದರು. ಊರು ಮುಟ್ಟುವ ಮೊದಲೇ ಸುದ್ದಿ ಮಾಲೀಕನಿಗೆ ಮುಟ್ಟಿತ್ತು. ಅರ್ಜಿ ವಾಪಸ್ ತಗೋ, ಇಲ್ಲಾಂದ್ರೆ ಜಾಗ ಖಾಲಿ ಮಾಡು ಅನ್ನೋದು ಅವನ ಷರತ್ತು. ಹದಿನೆಂಟು ವರ್ಷದ ಮನೆಯನ್ನು ಅವರು ಅದೇ ರಾತ್ರಿ ಬಿಟ್ಟರು. ಹತ್ತು ದಿನದ ನಂತರ, ಅವರು ಉಳಿದುಕೊಂಡಿದ್ದ ಮನೆಗೆ ಗುಂಡು ಹಾರಿಸಲಾಯಿತು. 1963ರ ಜನವರಿಯಲ್ಲಿ ಮತ್ತೆ ಪರೀಕ್ಷೆ ಬರೆದು ಪಾಸಾದರು. ಅದೇ ಜೂನ್‌ನಲ್ಲಿ ತರಬೇತಿ ಮುಗಿಸಿ ಬರುವಾಗ ವಿನೋನಾ ಊರಿನಲ್ಲಿ ಬಂಧಿಸಿ ಜೈಲಿನಲ್ಲಿ ಹೊಡೆಸಿದರು. ಮೂತ್ರಪಿಂಡ ಮತ್ತು ಕಣ್ಣಿಗೆ ಆದ ಪೆಟ್ಟು ಸಾಯೋತನಕ ವಾಸಿಯಾಗಲಿಲ್ಲ.

ಒಂದು ವೋಟಿಗೆ ಇಷ್ಟು ಹೆದರಿಕೆ ಯಾಕೆ? ಇದಕ್ಕೆ ಬರೀ ಜನಾಂಗದ್ವೇಷ ಅನ್ನೋ ಉತ್ತರ ನನಗೆ ಸಾಲಲ್ಲ. ವೋಟು ಬಂದ್ರೆ ದುಡ್ಡಿನ ಹಾದಿಯೂ ಬದಲಾಗುತ್ತೆ. ಪಕ್ಕದ ಲೆಫ್ಲೋರ್ ಕೌಂಟಿಯಲ್ಲಿ ಜನ ಮತಪಟ್ಟಿಗೆ ಹೆಸರು ಸೇರಿಸೋಕೆ ಹೊರಟಾಗ, ಅಂದ್ರೆ 1962ರ ಚಳಿಗಾಲಕ್ಕೆ ಮುಂಚೆ, ಅಲ್ಲಿನ ಆಡಳಿತ ಬಡವರಿಗೆ ಹಂಚುವ ಸರ್ಕಾರಿ ಹೆಚ್ಚುವರಿ ಆಹಾರವನ್ನೇ ನಿಲ್ಲಿಸಿಬಿಟ್ಟಿತು. ಒಂದೇ ಕೃಷಿ ಇಲಾಖೆಯ ಎರಡು ಕೈ ನೋಡಿ. ಭೂಮಾಲೀಕನಿಗೆ ಚೆಕ್ ಕೊಡೋ ಕೈ ಒಂದು, ಕೂಲಿಗೆ ಹಿಟ್ಟು ಕೊಡೋ ಕೈ ಇನ್ನೊಂದು. ಎರಡನೆಯದು ಮಾತ್ರ ಯಾವಾಗ ಬೇಕಾದ್ರೂ ನಿಲ್ತಿತ್ತು.

ಸಮಿತಿಯಲ್ಲಿ ಯಾರಿದ್ದಾರೆ?

1964ರಲ್ಲಿ ಹ್ಯಾಮರ್ ಸಂಸತ್ತಿಗೆ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಸ್ಪರ್ಧಿಸಿದರು. ಎದುರಾಳಿ ಜೇಮಿ ವಿಟ್ಟನ್. ಕೃಷಿ ಇಲಾಖೆಗೆ ಎಷ್ಟು ದುಡ್ಡು, ಯಾವುದಕ್ಕೆ ದುಡ್ಡು ಅಂತ ನಿರ್ಧರಿಸೋ ಕೆಳಮನೆಯ ಉಪಸಮಿತಿಯ ಅಧ್ಯಕ್ಷರು ಅವರೇ. ಹತ್ತಿ ಕೂಲಿಯೊಬ್ಬಳು ದೇಶದ ಕೃಷಿ ಖಜಾನೆಯ ಬಾಗಿಲಲ್ಲಿ ಕೂತವನ ವಿರುದ್ಧ ನಿಂತಿದ್ದಳು. ಮತಪಟ್ಟಿಯಲ್ಲೇ ಹೆಸರಿಲ್ಲದ ಜನ ಅವರನ್ನು ಗೆಲ್ಲಿಸೋದಾದ್ರೂ ಹೇಗೆ? ಸೋತರು.

ಅದೇ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಪಕ್ಷದ ಮಹಾಸಮ್ಮೇಳನದಲ್ಲಿ, ಬಿಳಿಯರೇ ತುಂಬಿದ ಮಿಸಿಸಿಪ್ಪಿ ನಿಯೋಗದ ಬದಲು ತಮ್ಮ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿಯನ್ನು ಮಾನ್ಯ ಮಾಡಿ ಅಂತ ಕೇಳುತ್ತಾ ತಮ್ಮ ಕಥೆ ಹೇಳಿದರು. ಟಿವಿ ಕ್ಯಾಮೆರಾಗಳನ್ನು ಅವರಿಂದ ತಿರುಗಿಸಲು ಅಧ್ಯಕ್ಷ ಜಾನ್ಸನ್ ತರಾತುರಿಯಲ್ಲಿ ಪತ್ರಿಕಾಗೋಷ್ಠಿ ಕರೆದರು. ಸಂಜೆ ವಾಹಿನಿಗಳು ಆ ಸಾಕ್ಷ್ಯವನ್ನು ಪ್ರಸಾರ ಮಾಡಿಯೇ ಮಾಡಿದವು. ಸಮಾಧಾನಕ್ಕೆ ಎರಡು ಸೀಟು ಕೊಡ್ತೀವಿ ಅಂದಾಗ ನಿಯೋಗ ನಿರಾಕರಿಸಿತು.

ಇದು ಎಲ್ಲರಿಗೂ ಗೊತ್ತಿರೋ ಭಾಗ. ಗೊತ್ತಿಲ್ಲದ ಚುನಾವಣೆ ಇನ್ನೊಂದಿತ್ತು. ಯಾರು ಎಷ್ಟು ಎಕರೆ ಹತ್ತಿ ಹಾಕಬಹುದು ಅನ್ನೋ ಹಂಚಿಕೆ, ಸಬ್ಸಿಡಿಯ ತಕರಾರು, ಇವನ್ನೆಲ್ಲ ನೋಡ್ತಿದ್ದದ್ದು ಪ್ರತಿ ಕೌಂಟಿಯ ರೈತರ ಚುನಾಯಿತ ಸಮಿತಿ. ಹೆಸರಿಗೆ ತಳಮಟ್ಟದ ಪ್ರಜಾಪ್ರಭುತ್ವ. ದಕ್ಷಿಣದ ರಾಜ್ಯಗಳಲ್ಲಿ ಈ ಸಮಿತಿಗಳ ತುಂಬ ಬಿಳಿ ಜಮೀನ್ದಾರರು. 1964–65ರಲ್ಲಿ ಹೋರಾಟಗಾರರು ಕಪ್ಪು ರೈತರನ್ನು ಇಲ್ಲಿ ಕಣಕ್ಕಿಳಿಸಿದರು. ಆಗ ಸಮಿತಿಯವರು ಮಾಡಿದ ಉಪಾಯ ಏನು ಅಂತೀರಿ? ಮತಪತ್ರಕ್ಕೆ ತಾವೇ ಇನ್ನಷ್ಟು ಕಪ್ಪು ರೈತರ ಹೆಸರು ಸೇರಿಸಿ ವೋಟು ಒಡೆದರು. ಇದನ್ನು ಓದಿದಾಗ ನನಗೆ ನಮ್ಮ ಪಂಚಾಯ್ತಿ ಚುನಾವಣೆಗಳ ಡಮ್ಮಿ ಅಭ್ಯರ್ಥಿಗಳು ನೆನಪಾದರು. ಉಪಾಯಕ್ಕೆ ದೇಶದ ಗಡಿ ಇಲ್ಲ.

ಐವತ್ತು ಸಾವಿರ ದಿನದ ಕೂಲಿ

1965ರಲ್ಲಿ ಡೆಲ್ಟಾದಲ್ಲಿ ಹತ್ತಿ ಕಳೆ ತೆಗೆಯೋ ಕೂಲಿ ಹತ್ತು ಗಂಟೆಗೆ 3 ಡಾಲರ್. ಆ ವರ್ಷ ಕೂಲಿಗಳು ಸಂಘ ಕಟ್ಟಿ ಗಂಟೆಗೆ 1.25 ಡಾಲರ್ ಕೇಳಿ ಮುಷ್ಕರ ಹೂಡಿದರು. ಹ್ಯಾಮರ್ ಅವರ ಜೊತೆ ನಿಂತರು. 1967ರಲ್ಲಿ ಸೆನೆಟರ್ ಈಸ್ಟ್‌ಲ್ಯಾಂಡ್ ಕುಟುಂಬದ ತೋಟಕ್ಕೆ ಬಂದ ಸರ್ಕಾರಿ ಕೃಷಿ ಪಾವತಿ ಒಂದೂವರೆ ಲಕ್ಷ ಡಾಲರ್‌ಗೂ ಹೆಚ್ಚು. ಲೆಕ್ಕ ನಾನೇ ಹಾಕಿದೆ. 3 ಡಾಲರ್ ದರದಲ್ಲಿ ಅದು 50,000 ದಿನದ ಕೂಲಿ. ಒಬ್ಬ ಹೆಂಗಸು ಒಂದು ಭಾನುವಾರವೂ ಬಿಡದೆ 130 ವರ್ಷಕ್ಕೂ ಹೆಚ್ಚು ಕಳೆ ಕಿತ್ತರೆ ಸಿಗುವಷ್ಟು ದುಡ್ಡು, ಒಂದೇ ವರ್ಷಕ್ಕೆ, ಒಂದೇ ತೋಟಕ್ಕೆ. ಬಡವರಿಗೆ ಕೊಡೋ ಸರ್ಕಾರಿ ನೆರವು ಅಂದ್ರೆ ಸಿಡಿಮಿಡಿ ಅನ್ನುತ್ತಿದ್ದ ವರ್ಗ ಈ ಚೆಕ್ಕನ್ನು ನೆರವು ಅಂತ ಕರೀತಿರಲಿಲ್ಲ. ಅದು ಅವರಿಗೆ ಹಕ್ಕು.

ಅದೇ ವರ್ಷ ಏಪ್ರಿಲ್‌ನಲ್ಲಿ ರಾಬರ್ಟ್ ಕೆನಡಿ ಡೆಲ್ಟಾಗೆ ಬಂದು ಹೊಟ್ಟೆ ಊದಿದ ಮಕ್ಕಳನ್ನು ಕಂಡರು. ಆಗ ಆಹಾರದ ಕೂಪನ್ ಪುಕ್ಕಟೆ ಸಿಗ್ತಿರಲಿಲ್ಲ, ಕಾಸು ಕೊಟ್ಟು ಕೊಳ್ಳಬೇಕಿತ್ತು. ಕೆಲಸವೇ ಇಲ್ಲದವರ ಹತ್ತಿರ ಕಾಸು ಎಲ್ಲಿಂದ? 1970ರಲ್ಲಿ ಸಂಸತ್ತು ಒಂದು ಬೆಳೆಗೆ ಒಬ್ಬರಿಗೆ 55,000 ಡಾಲರ್ ಮಿತಿ ಹಾಕಿತು. ದೊಡ್ಡ ರೈತರು ಜಮೀನನ್ನು ಹೆಂಡತಿ, ಮಕ್ಕಳು, ಪಾಲುದಾರರು ಅಂತ ಕಾಗದದ ಮೇಲೆ ಹಂಚಿದರು. ಮಿತಿ ಉಳಿಯಿತು, ದುಡ್ಡೂ ಹೆಚ್ಚುಕಡಿಮೆ ಅಲ್ಲೇ ಉಳಿಯಿತು. ನಮ್ಮ ಭೂಮಿತಿ ಕಾನೂನಿಗೆ ಏನಾಯ್ತು ಅಂತ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಹಂದಿ ಬ್ಯಾಂಕು ಮತ್ತು 40 ಎಕರೆ

ಹ್ಯಾಮರ್ ಕೊನೆಗೆ ಬಂದ ತೀರ್ಮಾನ ಇದು: ಊಟ ಇನ್ನೊಬ್ಬರ ಕೈಯಲ್ಲಿ ಇರೋತನಕ ವೋಟೂ ಇನ್ನೊಬ್ಬರ ಕೈಯಲ್ಲೇ. ಒಕ್ಕಲೆಬ್ಬಿಸೋಕೆ ಆಗದ ಭೂಮಿ ಬೇಕು. ನ್ಯಾಷನಲ್ ಕೌನ್ಸಿಲ್ ಆಫ್ ನೀಗ್ರೋ ವಿಮೆನ್ ಸಂಸ್ಥೆಯ ನೆರವಿನಿಂದ 50 ಹೆಣ್ಣು, 5 ಗಂಡು ಹಂದಿಗಳ ಒಂದು ಹಂದಿ ಬ್ಯಾಂಕ್ ಶುರುವಾಯಿತು. ಗಬ್ಬದ ಹಂದಿಯನ್ನು ಕುಟುಂಬ ತಗೊಂಡು ಹೋಗಬೇಕು, ಮರಿ ಹಾಕಿದ ಮೇಲೆ ಎರಡು ಮರಿ ಬ್ಯಾಂಕಿಗೆ ಕೊಡಬೇಕು, ಅವು ಮುಂದಿನ ಮನೆಗೆ. ಇಲ್ಲಿ ಬಡ್ಡಿ ಇಲ್ಲ, ಮಾಲೀಕನ ಪುಸ್ತಕವೂ ಇಲ್ಲ.

1969ರಲ್ಲಿ 40 ಎಕರೆಯಲ್ಲಿ ಫ್ರೀಡಂ ಫಾರ್ಮ್ ಸಹಕಾರ ಸಂಘ ಹುಟ್ಟಿತು. ವಿಸ್ಕಾನ್ಸಿನ್‌ನ ದಾನಿಗಳು, ಗಾಯಕ ಹ್ಯಾರಿ ಬೆಲಫಾಂಟೆಯಂಥವರು ದುಡ್ಡು ಕೂಡಿಸಿದರು. ಮುಂದೆ ಅದು 600 ಎಕರೆ ದಾಟಿತು. ಸದಸ್ಯತ್ವ ತಿಂಗಳಿಗೆ 1 ಡಾಲರ್. ಅದನ್ನೂ ಕೊಡೋಕಾಗದ ಕುಟುಂಬಗಳೇ ಹೆಚ್ಚು, ಅವರಿಗೂ ಪಾಲಿತ್ತು. ಬೆಂಡೆ, ಅವರೆ ಜಾತಿಯ ಕಾಳು, ಸೊಪ್ಪು, ಗೆಣಸು ಊಟಕ್ಕೆ. ಸಾಲದ ಕಂತು, ತೆರಿಗೆ ಕಟ್ಟೋಕೆ ಹತ್ತಿ, ಸೋಯಾ. ಕಪ್ಪು ಕುಟುಂಬಗಳ ಜೊತೆ ಬಡ ಬಿಳಿ ಕುಟುಂಬಗಳಿಗೂ ಅಲ್ಲಿನ ತರಕಾರಿ ಹೋಗ್ತಿತ್ತು.

ಅದು ಉಳಿಯಲಿಲ್ಲ. 1971ರಲ್ಲಿ ಸುಂಟರಗಾಳಿ, ಆಮೇಲೆ ಬರ, ನೆರೆ. ಬೆಳೆ ಹೋದರೆ ಈಸ್ಟ್‌ಲ್ಯಾಂಡ್ ಅಂಥವರ ಬೆನ್ನಿಗೆ ಸರ್ಕಾರ ಇತ್ತು, ಫ್ರೀಡಂ ಫಾರ್ಮ್ ಬೆನ್ನಿಗೆ ಇದ್ದದ್ದು ದೂರದೂರಿನ ದಾನಿಗಳ ಒಳ್ಳೇತನ. ಅದು ಬತ್ತಿದಾಗ ಕಂತು, ತೆರಿಗೆ ಬಾಕಿ ಬಿತ್ತು. 1976ರ ಹೊತ್ತಿಗೆ ಜಮೀನು ಕೈಬಿಟ್ಟಿತು. ಹ್ಯಾಮರ್ ಆರೋಗ್ಯವೂ ಕುಸಿದಿತ್ತು. 1977ರ ಮಾರ್ಚ್ 14ರಂದು, 59ನೇ ವಯಸ್ಸಿಗೆ, ಕ್ಯಾನ್ಸರ್ ಮತ್ತು ರಕ್ತದೊತ್ತಡದಿಂದ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ರೂಲ್‌ವಿಲ್‌ನಲ್ಲಿ ಅದೇ ಸಹಕಾರ ಸಂಘಕ್ಕೆ ಸೇರಿದ್ದ ನೆಲದಲ್ಲಿ.

1999ರಲ್ಲಿ, ಸಾಲ ಮತ್ತು ಸಬ್ಸಿಡಿ ಹಂಚುವಾಗ ಕಪ್ಪು ರೈತರಿಗೆ ತಾರತಮ್ಯ ಮಾಡಿದ ಆರೋಪದ ಪಿಗ್‌ಫರ್ಡ್ ಮೊಕದ್ದಮೆಯಲ್ಲಿ ಅಮೆರಿಕದ ಕೃಷಿ ಇಲಾಖೆ ರಾಜಿಗೆ ಬಂತು. ಪರಿಹಾರ ನೂರು ಕೋಟಿ ಡಾಲರ್ ದಾಟಿತು. ಆ ಹೊತ್ತಿಗೆ ಭೂಮಿ ಕಳಕೊಂಡವರು ಎಷ್ಟೋ ಮಂದಿ ಮಣ್ಣಾಗಿದ್ದರು. 2025ರ ಜನವರಿಯಲ್ಲಿ ಹ್ಯಾಮರ್ ಅವರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವ ಸಿಕ್ಕಿತು. ಪದಕ ಕೊಡೋದು ಸುಲಭ, ಪಟ್ಟಿಯಲ್ಲಿ ಹೆಸರು ಸೇರಿಸೋದು ಕಷ್ಟ.

ನಮ್ಮ ಪಹಣಿಯ ಪ್ರಶ್ನೆ

ಇದನ್ನೆಲ್ಲ ಹೇಳಿ ಸಬ್ಸಿಡಿ ನಿಲ್ಲಿಸಿ ಅಂತ ವಾದ ಮಾಡೋದು ನನ್ನ ಉದ್ದೇಶ ಅಲ್ಲ. ಮಳೆ, ಮಾರುಕಟ್ಟೆ ಎರಡೂ ಕೈಕೊಡೋ ಕಸುಬಿಗೆ ಸರ್ಕಾರ ಆಸರೆಯಾಗಲೇಬೇಕು. ಆದ್ರೆ ಆಸರೆ ಭೂಮಿಯ ಕಾಗದಕ್ಕಾ, ದುಡಿಯೋ ಮನುಷ್ಯರಿಗಾ ಅನ್ನೋದು ಇತ್ಯರ್ಥ ಆಗಬೇಕು. 2019ರಲ್ಲಿ ಶುರುವಾದ ನಮ್ಮ ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಹೋಗೋದು ಜಮೀನು ಹೆಸರಿನಲ್ಲಿರೋ ಕುಟುಂಬಕ್ಕೆ. ಕೋರಿಗೆ, ಲಾವಣಿಗೆ ಮಾಡೋರು, ಭೂಮಿಯಿಲ್ಲದ ಕೂಲಿಗಳು ಅದರ ಲೆಕ್ಕದಲ್ಲಿ ರೈತರೇ ಅಲ್ಲ. ಕರ್ನಾಟಕದಲ್ಲಿ 1974ರ ತಿದ್ದುಪಡಿಯ ನಂತರ ಗೇಣಿ ಕಾನೂನುಬಾಹಿರ. ಹಾಗಾಗಿ ಇವತ್ತಿನ ಗೇಣಿ ಒಪ್ಪಂದ ಬಾಯಿಮಾತಿನದ್ದು, ಬೆಳೆ ಹೋದರೆ ಪರಿಹಾರ ಸಾಮಾನ್ಯವಾಗಿ ಪಹಣಿದಾರನಿಗೆ. ಗಂಡನ ಹೆಸರಿನ ಜಮೀನಲ್ಲಿ ಬದುಕೆಲ್ಲ ಕಳೆ ಕಿತ್ತ ಹೆಂಗಸಿನ ಕಥೆಯೂ ಇಷ್ಟೇ.

ಹಾಗಾಗಿ ನಿಮ್ಮ ಊರಲ್ಲಿ ಮುಂದಿನ ಸಲ ಬೆಳೆ ಪರಿಹಾರದ ಪಟ್ಟಿ ಅಂಟಿಸಿದಾಗ ಒಂದು ಕೆಲಸ ಮಾಡಿ. ಎಷ್ಟು ಕೋಟಿ ಬಿಡುಗಡೆ ಆಯ್ತು ಅನ್ನೋದನ್ನ ಆಮೇಲೆ ನೋಡಿ. ಮೊದಲು ಹೆಸರುಗಳನ್ನು ಓದಿ. ಆಮೇಲೆ ಹೊಲಕ್ಕೆ ಹೋಗಿ, ಅಲ್ಲಿ ಬಗ್ಗಿ ಕೆಲಸ ಮಾಡ್ತಿರೋರ ಹೆಸರು ಕೇಳಿ. ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆ ಪಟ್ಟಿ ಬರೆದವರು ಯಾರು ಅಂತ ವಿಚಾರಿಸಿ. ರೂಲ್‌ವಿಲ್‌ನ ಹತ್ತಿ ಕೂಲಿ ಬಟ್ಟು ಬದಲಾಯಿಸಿದ್ದು ತಕ್ಕಡಿ ಯಾರ ಕೈಯಲ್ಲಿದೆ ಅಂತ ನೋಡಿದ ಮೇಲೆಯೇ.